ಹನ್ನೆರಡು ವೋಲ್ಟಿನ ಸಾಲು

ಮುಂಬಯಿಯ ವಾಕೋಲಾದ ನಮ್ಮ ಎರಡು ಕೋಣೆಗಳ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಕೆಳಗೆ, 2011ರಲ್ಲಿ ಕೊಂಡ ಒಂದು ಕಂಪ್ಯೂಟರು ಇಂದಿಗೂ ಸೇವೆಯಲ್ಲಿದೆ. ಅದರ ಮದರ್‌ಬೋರ್ಡೂ ಪ್ರೊಸೆಸರೂ ನಾಲ್ಕು ವರ್ಷಗಳ ಹಿಂದೆ ಬದಲಾದವು. ಹಾರ್ಡ್ ಡಿಸ್ಕು ಎರಡು ಬಾರಿ ಬದಲಾಯಿತು. ಆದರೆ ಕ್ಯಾಬಿನೆಟ್ಟಿನ ಹಿಂಬದಿಯ ಮೂಲೆಯಲ್ಲಿದ್ದು, ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಯಂತ್ರದ ಸೂಕ್ಷ್ಮಾವಯವಗಳಿಗೆ ಸಹ್ಯವಾಗುವಷ್ಟಕ್ಕೆ ಇಳಿಸಿ ಹಂಚುವ ತಗಡಿನ ಪೆಟ್ಟಿಗೆ, ಅಂಗಡಿಯವರು ಎಸ್‌ಎಂಪಿಎಸ್ ಎಂದು ಕರೆಯುವ ಆ ಭಾಗ, ಮೊದಲ ದಿನದ್ದೇ ಉಳಿದುಕೊಂಡಿತ್ತು. ಕೆಡದಿರುವ ವಸ್ತುವನ್ನು ಬದಲಿಸುವುದು ನಮ್ಮ ಮನೆಯ ಪದ್ಧತಿಯಲ್ಲ; ಊರು ಬಿಟ್ಟು ಬಂದು ಹೋಟೆಲಿನ ದುಡಿಮೆಯಿಂದ ಸಂಸಾರ ಕಟ್ಟಿದ ಹಿರಿಯರಿಂದ ಬಂದ ಈ ಮಿತವ್ಯಯವನ್ನು ನಾನು ಗುಣವೆಂದೇ ಎಣಿಸುತ್ತೇನೆ, ಮತ್ತು ಈ ಲೇಖನದಲ್ಲಿ ಅದರ ವಿರುದ್ಧವಾಗಿ ಒಂದು ಮಾತನ್ನೂ ಹೇಳುವವನಲ್ಲ.

ನನ್ನ ತಂಗಿಯ ಮಗ ಆನಿಮೇಶನ್ ಕಲಿಯುತ್ತಿದ್ದಾನೆ. ಕಲಿಕೆಗೆ 12 ಜಿಬಿ ಸ್ಮೃತಿಯುಳ್ಳ ಗ್ರಾಫಿಕ್ಸ್ ಕಾರ್ಡು ಬೇಕೆಂದು ಆತ ಹೇಳಲಾಗಿ, ಇಬ್ಬರೂ ಒಂದು ಶನಿವಾರ ಸಾಂತಾಕ್ರೂಜಿನಲ್ಲಿ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳ ಸಾಲಿನಲ್ಲಿ ಎರಡು ಗಂಟೆ ಅಲೆದು, ಆರ್‌ಟಿಎಕ್ಸ್ 3060 ಎಂಬ ಕಾರ್ಡನ್ನು ಆರಿಸಿದೆವು. ಹಳೆಯ ಎಸ್‌ಎಂಪಿಎಸ್ ಇದನ್ನು ಹೊರುವುದೇ ಎಂದು ನಾನು ಕೇಳಿದ್ದಕ್ಕೆ, ಎಷ್ಟು ವ್ಯಾಟಿನದು ಎಂದು ಅಂಗಡಿಯಾತ ಮರುಪ್ರಶ್ನೆ ಹಾಕಿದ. 450 ಎನ್ನಲು, "ಚಲ್ ಜಾಯೇಗಾ, ಅಂಕಲ್" ಎಂದು ಹೇಳಿ, ಹಳೆಯ ಪೆಟ್ಟಿಗೆಯಲ್ಲಿಲ್ಲದ ಎಂಟು ಪಿನ್ನಿನ ಪ್ಲಗ್ಗಿಗೆ ಬದಲಾಗಿ ಒಂದು ಕನ್ವರ್ಟರನ್ನು ಚೀಲದೊಳಗೆ ಹಾಕಿಕೊಟ್ಟ. ಆತನಿಗೆ ನಮ್ಮನ್ನು ವಂಚಿಸುವ ಉದ್ದೇಶವಿತ್ತೆಂದು ನಾನು ನಂಬುವುದಿಲ್ಲ. ಆ ಬೀದಿಯಲ್ಲಿ ದಿನಕ್ಕೆ ನೂರು ಬಾರಿ ಕೇಳಲ್ಪಡುವ ಪ್ರಶ್ನೆಗೆ ನೂರು ಬಾರಿಯೂ ದೊರೆಯುವ ಉತ್ತರ ಅದು.

ಮನೆಗೆ ಬಂದು ಜೋಡಿಸಿದ್ದಾಯಿತು. ಎಲ್ಲ ಪ್ಲಗ್ಗುಗಳೂ ತಮ್ಮ ತಮ್ಮ ಸ್ಥಾನಗಳಲ್ಲಿ ಕೂತವು, ಪರದೆ ಬೆಳಗಿತು, ಅಕ್ಷರಗಳು ಮೂಡಿದವು. ಹುಡುಗನು ಒಂದು ದೃಶ್ಯವನ್ನು ರೆಂಡರ್‌ಗೆ ಹಾಕಿ ಊಟಕ್ಕೆ ಕುಳಿತ ಇಪ್ಪತ್ತು ನಿಮಿಷಗಳಲ್ಲಿ ಯಂತ್ರ ತಟ್ಟನೆ ನಂದಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಹಾಗೆಯೇ. ಮೂರನೆಯ ಸಲ ಬಾಗಿಲು ತೆಗೆದು ನೋಡಿದಾಗ, ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಕೋಣೆಯಲ್ಲಿ ಹರಡಿತ್ತು. "ಮಾವ, ಈ ಹಳದಿ ವಯರು ಮುಟ್ಟಿ ನೋಡಿ" ಎಂದ. ಬೆರಳಿಡಲಾಗಲಿಲ್ಲ. ಕನ್ವರ್ಟರು ಸೇರುವ ಬಿಳಿಯ ಮಾಲೆಕ್ಸ್ ಪ್ಲಗ್ಗಿನಲ್ಲಿ, ಹಳದಿ ವಯರು ಪ್ರವೇಶಿಸುವ ರಂಧ್ರದ ಸುತ್ತ ಮಾತ್ರ, ಕಾವಲಿಯ ಮೇಲೆ ಮರೆತ ದೋಸೆಯ ಅಂಚಿನಂತೆ ಕಂದುಬಣ್ಣ ಏರಿತ್ತು.

ಆ ರಾತ್ರಿ ಟಾರ್ಚು ಹಿಡಿದು ಪೆಟ್ಟಿಗೆಯ ಪಾರ್ಶ್ವದ ಚೀಟಿಯನ್ನು, ಹನ್ನೆರಡು ವರ್ಷಗಳಿಗೂ ಮಿಕ್ಕಿ ಮನೆಯಲ್ಲಿದ್ದರೂ ಒಮ್ಮೆಯೂ ಓದದಿದ್ದ ಆ ಚೀಟಿಯನ್ನು, ಓದಿದೆನು. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗೆ ಸಣ್ಣಕ್ಷರದ ಸಾಲುಗಳು: 5 ವೋಲ್ಟಿಗೆ 28 ಆಂಪಿಯರ್, 3.3 ವೋಲ್ಟಿಗೆ 20, 12 ವೋಲ್ಟಿಗೆ 14. ಹನ್ನೆರಡನ್ನು ಹದಿನಾಲ್ಕರಿಂದ ಗುಣಿಸಿದರೆ 168 ವ್ಯಾಟು. ನಾವು ತಂದ ಕಾರ್ಡೊಂದೇ ಪೂರ್ಣ ಶ್ರಮದಲ್ಲಿ 170 ವ್ಯಾಟನ್ನು ಬೇಡುತ್ತದೆ, ಅದನ್ನು ಬಹುಮಟ್ಟಿಗೆ 12 ವೋಲ್ಟಿನಿಂದಲೇ ಬೇಡುತ್ತದೆ. ಪ್ರೊಸೆಸರಿನ ಪಾಲೂ ಆ ಸಾಲಿನಿಂದಲೇ ಸಲ್ಲಬೇಕು. 450 ಎಂಬುದು ಇಡೀ ಪೆಟ್ಟಿಗೆಯ ಹೆಸರಿನಲ್ಲಿ ಬರೆದ ಅಂಕಿಯಾಗಿತ್ತೇ ಹೊರತು, ನಮಗೆ ಬೇಕಾಗಿದ್ದ ಒಂದು ಸಾಲಿನ ಶಕ್ತಿಯಾಗಿರಲಿಲ್ಲ.

ಈ ವ್ಯತ್ಯಾಸಕ್ಕೆ ಒಂದು ಇತಿಹಾಸವಿದೆ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾನದಂಡವನ್ನು ಪ್ರಕಟಿಸಿದ ಕಾಲದಲ್ಲಿ ಕಂಪ್ಯೂಟರಿನ ಮುಖ್ಯ ಅವಯವಗಳು 5 ಮತ್ತು 3.3 ವೋಲ್ಟುಗಳಲ್ಲಿ ನಡೆಯುತ್ತಿದ್ದವು. 12 ವೋಲ್ಟು ಡಿಸ್ಕಿನ ಮೋಟಾರಿಗೂ ಫ್ಯಾನಿಗೂ ಸಾಕಾಗುತ್ತಿತ್ತು. 2000ದಲ್ಲಿ ಪೆಂಟಿಯಮ್ 4 ಬಂದಾಗ ಪ್ರೊಸೆಸರಿನ ಆಹಾರ 12 ವೋಲ್ಟಿಗೆ ವರ್ಗವಾಯಿತು. ಗ್ರಾಫಿಕ್ಸ್ ಕಾರ್ಡೂ ಅದೇ ದಾರಿ ಹಿಡಿಯಿತು. ಆದರೂ ಅಗ್ಗದ ಪೆಟ್ಟಿಗೆಗಳನ್ನು ಮಾಡುವವರು ಹಳೆಯ ವಿನ್ಯಾಸವನ್ನೇ ಬಹುಕಾಲ ಮುಂದುವರಿಸಿದರು. ಎಟಿಎಕ್ಸ್ ಮಾನದಂಡದ ದೊಡ್ಡ ಉಪಕಾರವೆಂದರೆ ಪೆಟ್ಟಿಗೆಯ ಅಳತೆ, ಸ್ಕ್ರೂವಿನ ತೂತು, ಮುಖ್ಯ ಪ್ಲಗ್ಗು ಇವು ದಶಕಗಳ ಪರ್ಯಂತ ಹೊಂದಿಕೊಂಡು ಬಂದದ್ದು. ಆದುದರಿಂದಲೇ ನಮ್ಮಂಥವರು ಒಂದೊಂದೇ ಭಾಗವನ್ನು ಬದಲಿಸಿ ಯಂತ್ರವನ್ನು ಬಾಳಿಸಲು ಸಾಧ್ಯವಾಯಿತು. ಅದೇ ಉಪಕಾರ ನಮ್ಮನ್ನು ಭ್ರಮೆಗೂ ಗುರಿಮಾಡಿತು: ಪ್ಲಗ್ಗು ಹೊಂದಿದಲ್ಲಿ ಶಕ್ತಿಯೂ ಹೊಂದಿತೆಂದು ತಿಳಿದೆವು.

ಕನ್ವರ್ಟರಿನ ದೋಷ ಇದಕ್ಕಿಂತ ಗುರುತರವಾದುದು. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟು ಕೊಡಬಲ್ಲುದು. ಆರು ಪಿನ್ನಿನ ಪ್ಲಗ್ಗಿಗೆ 75, ಎಂಟು ಪಿನ್ನಿನದಕ್ಕೆ 150 ಎಂಬುದು ಮಾನದಂಡದ ನಿಯಮ. ಎಂಟು ಪಿನ್ನಿನಲ್ಲಿ ಮೂರು ವಯರುಗಳು 12 ವೋಲ್ಟನ್ನು ಹಂಚಿಕೊಂಡು ಒಯ್ಯುತ್ತವೆ. ನಮ್ಮ ಕನ್ವರ್ಟರು ಎರಡು ಮಾಲೆಕ್ಸ್ ಪ್ಲಗ್ಗುಗಳಿಂದ ಎಳೆಯುತ್ತಿತ್ತು. ಆ ಎರಡೂ ಪ್ಲಗ್ಗುಗಳು ಒಂದೇ ಎಳೆಯ ಮೇಲೆ ಒಂದರ ಹಿಂದೊಂದು ಪೋಣಿಸಿದವಾಗಿದ್ದುದರಿಂದ, ಮೂವರು ಹೊರಬೇಕಾದ ಭಾರ, ಸುಮಾರು 10 ಆಂಪಿಯರಿನಷ್ಟು, ಏಕಾಕಿಯಾದ ಒಂದು ಹಳದಿ ತಂತಿಯ ಮೇಲೆ ಬಿದ್ದಿತು. ಪ್ರವಾಹ ಇಮ್ಮಡಿಯಾದರೆ ತಂತಿಯ ಶಾಖ ನಾಲ್ಮಡಿಯಾಗುತ್ತದೆ ಎಂಬುದು ಶಾಲೆಯ ಪಾಠ.

ವೋಲ್ಟೇಜು ಕಡಿಮೆಯಿದ್ದಲ್ಲಿ ಶಕ್ತಿಯನ್ನು ಸಾಗಿಸಲು ಪ್ರವಾಹವನ್ನು ಹೆಚ್ಚಿಸಬೇಕೆಂಬ ಈ ಸಂಕಟವನ್ನು ನಮ್ಮ ರೈಲ್ವೆಯೂ ಅನುಭವಿಸಿತು. 1928ರಿಂದ ಸಾಂತಾಕ್ರೂಜಿನ ಮೇಲೆ ಹಾದುಹೋಗುವ ವಿದ್ಯುತ್ ಗಾಡಿಗಳಿಗೆ 1,500 ವೋಲ್ಟಿನ ಡಿಸಿ ಪ್ರವಾಹವೇ ಆಧಾರವಾಗಿತ್ತು; ಗಾಡಿಗಳು ಉದ್ದವಾಗಿ ಭಾರ ಏರಿದಾಗ, ಪಶ್ಚಿಮ ರೈಲ್ವೆಯು 2012ರಲ್ಲಿ 25,000 ವೋಲ್ಟಿನ ಎಸಿ ಪದ್ಧತಿಗೆ ಬದಲಾವಣೆಯನ್ನು ಪೂರ್ಣಗೊಳಿಸಿತು. ಅದಕ್ಕೆ ಮುಂಚೆ ಹಲವು ವರ್ಷ, ಎರಡೂ ಪದ್ಧತಿಗಳಲ್ಲಿ ಓಡಬಲ್ಲ ಗಾಡಿಗಳನ್ನು ತರಿಸಿ, ಸಬ್‌ಸ್ಟೇಷನ್ನುಗಳನ್ನು ಸಿದ್ಧಗೊಳಿಸಿ, ಪ್ರಯಾಣಿಕನಿಗೆ ಆಂಪಿಯರಿನ ಚಿಂತೆಯನ್ನು ಹಚ್ಚದೆ ಸ್ಥಿತ್ಯಂತರವನ್ನು ಸಾಧಿಸಲಾಯಿತು. ಕಂಪ್ಯೂಟರಿನ ಲೋಕದಲ್ಲಿ ಆ ಚಿಂತೆ ಸಂಪೂರ್ಣವಾಗಿ ಗೃಹಸ್ಥನ ತಲೆಗೇ ಬಂದಿದೆ. 2022ರಲ್ಲಿ ಬಂದ 450 ವ್ಯಾಟಿನ ಕಾರ್ಡುಗಳಿಗಾಗಿ ಒಂದೇ ಪ್ಲಗ್ಗಿನಲ್ಲಿ 600 ವ್ಯಾಟು, ಎಂದರೆ 50 ಆಂಪಿಯರ್, ಹಾಯಿಸಬಲ್ಲ ಹೊಸ ಕನೆಕ್ಟರು ಹೊರಟಿತು. ಪೂರ್ತಿ ಒತ್ತಿ ಕೂರಿಸದಿದ್ದಲ್ಲಿ ಅದೂ ಕರಗಿದ ಪ್ರಸಂಗಗಳು ದೇಶದೇಶಗಳಿಂದ ವರದಿಯಾದುವು. ಮರುವರ್ಷವೇ ಅದರ ಸಂಜ್ಞಾ ಪಿನ್ನುಗಳನ್ನು ಗಿಡ್ಡವಾಗಿಸಿ ತಿದ್ದಬೇಕಾಯಿತು. ಹೊಸ ಪೆಟ್ಟಿಗೆಗಳ ಗತಿಯೇ ಇದಾದರೆ, ಹಳೆಯ ಪೆಟ್ಟಿಗೆಗೆ ಕನ್ವರ್ಟರು ಸಿಕ್ಕಿಸಿ ಹರಸಿ ಕಳುಹಿಸುವುದು ಯಾವ ನ್ಯಾಯ?

ವಯಸ್ಸಿನ ವಿಚಾರ ಬೇರೆ ಉಂಟು. ಪೆಟ್ಟಿಗೆಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿರುವ ದ್ರವ ಶಾಖದಿಂದ ಕ್ರಮೇಣ ಆರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆ ಅವುಗಳ ಆಯುಷ್ಯ ಅರ್ಧವಾಗುತ್ತದೆಂಬುದು ಎಂಜಿನಿಯರರ ಸ್ಥೂಲ ಲೆಕ್ಕ. ಜುಹೂ ಕಡಲಿನ ಉಪ್ಪುಗಾಳಿ ಒಂದು ಕಡೆಯಿಂದ, 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರ್ ಅಳೆದ ಸಾಂತಾಕ್ರೂಜಿನ ಮಳೆ ಮತ್ತೊಂದು ಕಡೆಯಿಂದ. ಈ ತೇವದಲ್ಲಿ ಧೂಳು ಕೆಸರಾಗಿ ಫ್ಯಾನಿಗೆ ಮೆತ್ತಿಕೊಂಡ ಪೆಟ್ಟಿಗೆಯು ಚೀಟಿಯಲ್ಲಿ ಬರೆದಷ್ಟನ್ನೂ ಕೊಡಲಾರದು. ಇದನ್ನು ಬಿಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ. ಪ್ಲಗ್ಗು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರು 300 ವೋಲ್ಟಿಗೂ ಮಿಕ್ಕಿ ಹಿಡಿದಿಟ್ಟುಕೊಂಡಿರಬಹುದು, ಅದು ಪ್ರಾಣಾಂತಕ.

ನಾನು ಕೇಳುವುದು ದೊಡ್ಡದೇನನ್ನೂ ಅಲ್ಲ. ಕಾರ್ಡು ಮಾರುವವನು ಗಿರಾಕಿಯಿಂದ ಒಟ್ಟು ವ್ಯಾಟನ್ನು ಕೇಳುವ ಬದಲು 12 ವೋಲ್ಟಿನ ಆಂಪಿಯರನ್ನೂ ಪೆಟ್ಟಿಗೆಯ ತಯಾರಿಯ ವರ್ಷವನ್ನೂ ಕೇಳಲಿ; ಎಸ್‌ಎಂಪಿಎಸ್ ತಯಾರಕರು 12 ವೋಲ್ಟಿನ ಸಾಮರ್ಥ್ಯವನ್ನೇ ದಪ್ಪಕ್ಷರದಲ್ಲಿ ಮುದ್ರಿಸತಕ್ಕದ್ದೆಂದು ಮಾನಕದವರು ವಿಧಿಸಲಿ; ಮಾಲೆಕ್ಸಿನಿಂದ ಎಂಟು ಪಿನ್ನಿಗೆ ಹೋಗುವ ಕನ್ವರ್ಟರಿನ ಮಾರಾಟ ನಿಲ್ಲಲಿ. ಇಂಥ ಕಾರ್ಡು ತನ್ನಿರೆಂದು ವಿದ್ಯಾರ್ಥಿಗಳಿಗೆ ಪಟ್ಟಿ ಕೊಡುವ ಸಂಸ್ಥೆಗಳು ಅದೇ ಪಟ್ಟಿಯಲ್ಲಿ ಎಸ್‌ಎಂಪಿಎಸ್ಸಿನ ಸಾಲೊಂದನ್ನು ಸೇರಿಸಲಿ. ಪೆಟ್ಟಿಗೆ ಬದಲಿಸಲು ಹಣವಿಲ್ಲದ ಮನೆಗೂ ಮಾರ್ಗವಿಲ್ಲದಿಲ್ಲ: 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕೇವಲ 70 ವ್ಯಾಟಿನದು, ಬಹುತೇಕ ಮಾದರಿಗಳಲ್ಲಿ ಪ್ರತ್ಯೇಕ ಪ್ಲಗ್ಗೇ ಬೇಡ, ಸ್ಲಾಟಿನ ಶಕ್ತಿಯಲ್ಲೇ ನಡೆಯುತ್ತದೆ. ಪೆಟ್ಟಿಗೆ ತೀರ ಹಳತಲ್ಲದಿದ್ದರೆ ಹಳೆಯ ಯಂತ್ರದ ಶಕ್ತಿಯನ್ನರಿತು ಅದಕ್ಕೊಪ್ಪುವ ಕಾರ್ಡನ್ನು ಆರಿಸುವುದೂ ಮಿತವ್ಯಯವೇ.

ನಮ್ಮ ಹುಡುಗನಿಗೆ 12 ಜಿಬಿ ಬೇಕೇ ಬೇಕಾಗಿತ್ತು. ಮುಂದಿನ ಶನಿವಾರ ಅದೇ ಅಂಗಡಿಗೆ ಹೋಗಿ, ಕಂದುಗಟ್ಟಿದ ಪ್ಲಗ್ಗನ್ನು ಗಲ್ಲೆಯ ಮೇಲಿಟ್ಟೆವು. ಅಂಗಡಿಯಾತ ಅದನ್ನು ಬೆಳಕಿಗೆ ಹಿಡಿದು ನೋಡಿ ಕ್ಷಣಕಾಲ ಸುಮ್ಮನಾದ. ಕಾರ್ಡಿನ ಬೆಲೆಯಲ್ಲಿ ಆರೇಳರಲ್ಲೊಂದು ಪಾಲಿಗೆ ದೊರೆತ 550 ವ್ಯಾಟಿನ ಹೊಸ ಎಸ್‌ಎಂಪಿಎಸ್ಸಿನ ಚೀಟಿಯನ್ನು ಮೂವರೂ ಸೇರಿ ಓದಿದೆವು. 12 ವೋಲ್ಟಿನ ಸಾಲಿನಲ್ಲಿ 45 ಆಂಪಿಯರ್ ಎಂದಿತ್ತು. ಬಿಲ್ಲಿನಲ್ಲಿ ಆ ಅಂಕಿಯನ್ನು ಬರೆದುಕೊಡುವಿರಾ ಎಂದು ಕೇಳಿದೆನು. ಆತ ಪೆನ್ನು ತೆಗೆದು, ಮಾದರಿಯ ಹೆಸರಿನ ಕೆಳಗೆ, ಸ್ಪಷ್ಟವಾಗಿ ಬರೆದುಕೊಟ್ಟ.