ಗುಂಡಿಗೆ ತಕ್ಕ ನಳಿಕೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂಬುದು ಓದುಗರು ಬಲ್ಲ ಸಂಗತಿ. ಆತನ ಸೈನ್ಯವು ಬಳಸುತ್ತಿದ್ದ ರಾಕೆಟ್ಟುಗಳ ವಿಷಯವನ್ನೂ ನಾವು ಕೇಳಿದ್ದೇವೆ. ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ಬಿಗಿಯುತ್ತಿದ್ದುದೇಕೆಂದು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಆ ಬಿದಿರಿಲ್ಲದಿದ್ದರೆ ಕೊಳವೆಯು ಗಾಳಿಯಲ್ಲಿ ಹೊರಳಾಡಿ ದಿಕ್ಕು ತಪ್ಪುತ್ತಿತ್ತು. ಗಾಳಿಪಟಕ್ಕೆ ಬಾಲಂಗೋಚಿ ಇದ್ದಂತೆ ರಾಕೆಟ್ಟಿಗೆ ಬಿದಿರು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಇಂಥ ರಾಕೆಟ್ಟುಗಳು ಇಂಗ್ಲೆಂಡಿನ ವುಲ್ವಿಚ್ ಆಯುಧಾಗಾರವನ್ನು ಸೇರಿದವು. 1844ರಲ್ಲಿ ವಿಲಿಯಂ ಹೇಲ್ ಎಂಬಾತನು ಕೋಲನ್ನು ಕೈಬಿಟ್ಟು, ರಾಕೆಟ್ಟೇ ತಿರುಗುತ್ತ ಸಾಗುವಂತೆ ಮಾಡಿದನು. ರಭಸದಿಂದ ತಿರುಗುವ ಬುಗುರಿ ನೆಟ್ಟಗೆ ನಿಲ್ಲುವುದಷ್ಟೆ? ರೈಫಲ್ಲಿನ ಗುಟ್ಟೂ ಇದೇ. ನಳಿಕೆಯೊಳಗೆ ಕೊರೆದ ಸುರುಳಿ ಗೀರುಗಳು ಗುಂಡನ್ನು ತಿರುಗಿಸಿ ಕಳುಹಿಸುತ್ತವೆ. ಎಷ್ಟು ಅಂಗುಲ ಸಾಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುವುದೋ ಅದೇ ಆ ನಳಿಕೆಯ ತಿರುವಿನ ಅಳತೆ.

ನಮ್ಮ ಮಕ್ಕಳಿಗೆ ಎನ್.ಸಿ.ಸಿ.ಯಲ್ಲಿ ಪರಿಚಯವಾಗುವ .22 ರೈಫಲ್ಲಿಗೆ ಸಾಮಾನ್ಯವಾಗಿ 16 ಅಂಗುಲಕ್ಕೊಂದು ಸುತ್ತು. ಅದರ ಗಿಡ್ಡ ಸೀಸದ ಗುಂಡಿಗೆ ಅಷ್ಟು ಸಾಕು. ಆದರೆ ಸಾವಿರ ಗಜದ ಗುರಿಗೆ ಗಿಡ್ಡ ಗುಂಡು ನಡೆಯದು. ಗಾಳಿಯನ್ನು ಸೀಳಿ, ವೇಗವನ್ನು ಉಳಿಸಿಕೊಳ್ಳಬಲ್ಲ ನೀಳವಾದ ಗುಂಡು ಬೇಕು. ಗುಂಡು ಉದ್ದವಾದಷ್ಟೂ ತಿರುವು ಬಿರುಸಾಗಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಹೆಚ್ಚಾಗಿ ಉದ್ದ.

ಆ ವುಲ್ವಿಚ್ಚಿನಲ್ಲಿಯೇ ಗಣಿತದ ಅಧ್ಯಾಪಕರಾಗಿದ್ದ ಗ್ರೀನ್‌ಹಿಲ್ಲರು 1879ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಗುಂಡಿನ ಉದ್ದವು ಅದರ ವ್ಯಾಸದ ಎಷ್ಟು ಪಟ್ಟು ಎಂದು ನೋಡಿ, 150ನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರದಷ್ಟು ವ್ಯಾಸಗಳ ದೂರಕ್ಕೆ ಒಂದು ಸುತ್ತು. 0.308 ಅಂಗುಲ ವ್ಯಾಸದ ಗುಂಡು ನಾಲ್ಕು ಪಟ್ಟು ಉದ್ದವಿದ್ದರೆ ಸುಮಾರು 11.5 ಅಂಗುಲಕ್ಕೊಂದು ಸುತ್ತು ಬೇಕು. ಐದು ಪಟ್ಟಿದ್ದರೆ ಸುಮಾರು 9.25 ಅಂಗುಲಕ್ಕೊಂದು. ಇಂದಿನ ಚೂಪು ಗುಂಡುಗಳಿಗೆ ಇದು ಅಂದಾಜು ಮಾತ್ರ. ತಯಾರಕರು ಸೂಚಿಸುವ ತಿರುವನ್ನೂ ನೋಡಬೇಕು.

ತಿರುವು ಸಾಲದಾದರೆ ಗುಂಡು ಓಲಾಡಿ ಅಡ್ಡಬೀಳುತ್ತದೆ. ಅತಿಯಾದರೆ ಗುಂಡಿನಲ್ಲಿರುವ ಅಲ್ಪ ದೋಷವೂ ದೊಡ್ಡದಾಗಿ ಗುರಿ ಚದರುತ್ತದೆ. ತೆಳು ಹೊದಿಕೆಯ ಗುಂಡು ಹಾರುವಾಗಲೇ ಒಡೆಯಲೂಬಹುದು. ಇನ್ನೊಂದು ಎಚ್ಚರವೂ ಅಗತ್ಯ. ಗುಂಡಿನ ವೇಗವು ಗುರಿಗೆ ಮುನ್ನವೇ ಶಬ್ದದ ವೇಗಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗೆ ಇಳಿದರೆ ಅದರ ಸ್ಥಿರತೆ ಕೆಡುವ ಸಂಭವ ಹೆಚ್ಚು.

ಆದಕಾರಣ ಮೊದಲು ಸ್ಪರ್ಧೆಯ ದೂರವನ್ನೂ ನಿಯಮವನ್ನೂ ತಿಳಿಯಬೇಕು. ಬಳಿಕ ಗುಂಡನ್ನು, ಕೊನೆಗೆ ನಳಿಕೆಯನ್ನು ಆರಿಸಬೇಕು. ಹಲವರು ಮೊದಲು ನಳಿಕೆಯನ್ನು ಕೊಂಡು, ಆಮೇಲೆ ಗುಂಡಿಗಾಗಿ ಅಲೆಯುತ್ತಾರೆ. ಒಮ್ಮೆ ಕೊರೆದ ತಿರುವನ್ನು ತಿದ್ದಲಾಗದು.

ಪರವಾನಗಿ ಪಡೆದು, ತರಬೇತುದಾರರ ಕಣ್ಗಾವಲಿನಲ್ಲಿ ಅಭ್ಯಾಸ ಮಾಡುವ ಮಗನೋ ಮಗಳೋ ಗುರಿ ತಪ್ಪಿತೆಂದು ಮನೆಗೆ ಬಂದು ಮಂಕಾಗಿ ಕುಳಿತರೆ, ಹಿರಿಯರು ಗದರುವ ಮುನ್ನ ಗುರಿಯ ಕಾಗದವನ್ನು ತರಿಸಿ ನೋಡಲಿ. ತೂತುಗಳು ದುಂಡಗಿದ್ದರೆ ಅಭ್ಯಾಸವನ್ನು ಕುರಿತು ಮಾತನಾಡಬಹುದು. ಉದ್ದುದ್ದವಾಗಿ ಸೀಳಿದ್ದರೆ ಗುಂಡು ಅಡ್ಡಲಾಗಿ ಬಡಿದಿದೆ ಎಂದರ್ಥ. ಆಗ ಪರೀಕ್ಷಿಸಬೇಕಾದುದು ಗುಂಡಿಗೂ ನಳಿಕೆಗೂ ಹೊಂದಾಣಿಕೆಯಿದೆಯೇ ಎಂಬುದನ್ನು, ಮಗುವಿನ ಶ್ರದ್ಧೆಯನ್ನಲ್ಲ.