ವೀಣೆಯನ್ನು ಕೆಳಗಿಡಿ

ಕಳೆದ ತಿಂಗಳು ಒಂದು ಕಾಲೇಜಿನಲ್ಲಿ ಸ್ಟ್ರಿಂಗ್ ಥಿಯರಿ ಕುರಿತು ಉಪನ್ಯಾಸವಿತ್ತು. ವಿಶ್ವವೆಂದರೆ ವೀಣೆ, ಕಣಗಳೆಂದರೆ ಅದರ ಸ್ವರಗಳು, ಕೊನೆಗೆ ನಾದಬ್ರಹ್ಮ. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಎದ್ದು, ‘ಎಂಥ ಫಲಿತಾಂಶ ಬಂದ್ರೆ ಇದು ತಪ್ಪು ಅಂತ ಒಪ್ಕೋತೀರಿ ಸರ್?’ ಎಂದು ಕೇಳಿದಳು. ಉಪನ್ಯಾಸಕರು ನಕ್ಕು ಮತ್ತೆ ವೀಣೆಗೇ ಮರಳಿದರು. ಸಭೆ ಚಪ್ಪಾಳೆ ತಟ್ಟಿತು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನೂ ತಟ್ಟಿದೆ. ಆ ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ವೀಣೆಯ ಉಪಮೆ ಕೇಳಿದವರಿಗೆ ಈ ಸಿದ್ಧಾಂತ ಯಾರಿಗೋ ಧ್ಯಾನದಲ್ಲಿ ಹೊಳೆದ ದರ್ಶನ ಅನ್ನಿಸುತ್ತದೆ. ಆದರೆ ಅದು ಹುಟ್ಟಿದ್ದು ಬೇರೆ ಕೆಲಸಕ್ಕೆ, ಆ ಕೆಲಸದಲ್ಲಿ ಅದು ಸೋತಿತು. ಪರಮಾಣು ಬೀಜವನ್ನು ಹಿಡಿದಿಡುವ ಪ್ರಬಲ ಬಲಕ್ಕೆ ಒಳಗಾಗುವ ಕಣಗಳು ಡಿಕ್ಕಿ ಹೊಡೆದಾಗ ಏನಾಗುತ್ತದೆಂದು ವಿವರಿಸಲು 1968ರಲ್ಲಿ ಗೇಬ್ರಿಯೆಲೆ ವೆನೆಜಿಯಾನೊ ಒಂದು ಸೂತ್ರ ಕೊಟ್ಟರು. ಸೂತ್ರದೊಳಗೆ ಕಂಪಿಸುವ ತಂತುಗಳಿವೆ ಎಂದು ನಂಬು, ನೀಲ್ಸನ್, ಸಸ್ಕಿಂಡ್ ಆಮೇಲೆ ಕಂಡುಕೊಂಡರು. ಆದರೆ ಅದಕ್ಕೆ 26 ಆಯಾಮಗಳು ಬೇಕಿದ್ದವು. ಯಾವ ಪ್ರಯೋಗದಲ್ಲೂ ಸಿಗದ, ದ್ರವ್ಯರಾಶಿಯೇ ಇಲ್ಲದ ಕಣವೊಂದು ಕರೆಯದ ನೆಂಟನಂತೆ ಲೆಕ್ಕದಲ್ಲಿ ಬಂದು ಕೂರುತ್ತಿತ್ತು. ಅತ್ತ ಸ್ಟ್ಯಾನ್‌ಫರ್ಡ್‌ನ ವೇಗವರ್ಧಕದಲ್ಲಿ ಎಲೆಕ್ಟ್ರಾನುಗಳನ್ನು ಪ್ರೋಟಾನಿಗೆ ಬಡಿದರೆ, ಮೆತ್ತನೆಯ ತಂತುವಿನ ಬದಲು ಗಟ್ಟಿ ಚುಕ್ಕೆಗಳ ಸುಳಿವು ಸಿಕ್ಕಿತು. 1973ರ ಹೊತ್ತಿಗೆ ಕ್ವಾರ್ಕ್‌ಗಳ ಸಿದ್ಧಾಂತ ಗೆದ್ದಿತ್ತು.

1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್, ಆ ಕರೆಯದ ನೆಂಟನೇ ಗುರುತ್ವದ ಕಣ ಯಾಕಾಗಬಾರದು ಎಂದು ಕೇಳಿದರು. ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕಲ್ಲ? ಪ್ರೋಟಾನಿನಷ್ಟಿದ್ದ ತಂತು, 1ರ ಮುಂದೆ ಸುಮಾರು 20 ಸೊನ್ನೆ ಬರೆದಷ್ಟು ಪಟ್ಟು ಚಿಕ್ಕದಾಯಿತು. ಪ್ರಯೋಗದ ಕೈಗೆ ಸಿಕ್ಕಿ ಸೋತಿದ್ದ ಸಿದ್ಧಾಂತ ಪ್ರಯೋಗದ ಕೈಗೆಟುಕದಷ್ಟು ದೂರ ಹೋಯಿತು. ವೀಣೆ ಮುಚ್ಚಿಡುವುದು ಇದನ್ನೇ.

1984ರಲ್ಲಿ ಗ್ರೀನ್ ಮತ್ತು ಶ್ವಾರ್ಜ್ ಗಣಿತದ ಒಂದು ದೊಡ್ಡ ಅಸಂಗತತೆಯನ್ನು ಬಿಡಿಸಿದ ಮೇಲೆ ಪ್ರತಿಭಾವಂತರು ಸಾಲುಗಟ್ಟಿದರು. ಕಪ್ಪುಕುಳಿಗಳ ಬಗ್ಗೆ ಸ್ಟ್ರೊಮಿಂಜರ್ ಮತ್ತು ವಾಫಾ ಮಾಡಿದ ಲೆಕ್ಕ, 1997ರ ಮಾಲ್ಡಸೇನಾ ಪ್ರಬಂಧ, ನಮ್ಮ ಅಶೋಕ್ ಸೆನ್ ಅವರ ಕೆಲಸ ಯಾವುದೂ ಸಣ್ಣದಲ್ಲ. ನಾನೇ ಆ ಗಣಿತದ ಋಣದಲ್ಲಿದ್ದೇನೆ. ಆದರೆ ಉಪಯುಕ್ತ ಗಣಿತ ಎನ್ನುವುದೂ ವಿಶ್ವ ಹೀಗೇ ಇದೆ ಎನ್ನುವುದೂ ಒಂದೇ ಅಲ್ಲ. ಜಿನೀವಾದ ಎಲ್‌ಎಚ್‌ಸಿಯಲ್ಲಿ ಸೂಪರ್‌ಸಿಮೆಟ್ರಿಯ ಕಣಗಳು ಸಿಗುತ್ತವೆಂದು ಅನೇಕರು ಕಾದರು. ಈವರೆಗೆ ಒಂದೂ ಸಿಕ್ಕಿಲ್ಲ. ಇದನ್ನು ವೇದಿಕೆಯ ಮೇಲೆ ಒಂದು ವಾಕ್ಯದಲ್ಲಿ ಹೇಳಲು ಏನು ಕಷ್ಟ? ಎದುರಿಗೆ ಕೂತ ಹುಡುಗರು ಮುಂದಿನ ಐದಾರು ವರ್ಷ ಯಾವುದಕ್ಕೆ ಕೊಡಬೇಕೆಂದು ಅಲ್ಲೇ ತೀರ್ಮಾನಿಸುತ್ತಿರುತ್ತಾರೆ.

ಆ ಹುಡುಗಿ ಕ್ಯಾಂಟೀನಿನಲ್ಲಿ ಸಿಕ್ಕಳು. ಸ್ಟ್ಯಾನ್‌ಫರ್ಡ್‌ನ ಕಥೆ ಹೇಳಿದೆ. ‘ಅದು ಹಳೇದು. ಈಗಿನದಕ್ಕೆ?’ ಎಂದಳು. ಸದ್ಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಅಂದೆ.

‘ಇಷ್ಟನ್ನ ಅವರೂ ಹೇಳಬಹುದಿತ್ತಲ್ಲ ಸರ್.’