ಗುಂಡಿನ ಸದ್ದು ಅಸಲಿ, ಮನುಷ್ಯರು?

ಕಂಪನಿ ಕೆಲಸದ ಮೇಲೆ ಎರಡು ವಾರ ನೈರೋಬಿಯ ರಿವರ್‌ಸೈಡ್‌ನಲ್ಲಿದ್ದೆ. ಕೊಲ್ಲಿಯ ಬಿಸಿಲಿನಿಂದ ಹೋದವನಿಗೆ ಅಲ್ಲಿನ ಮರಗಳ ನೆರಳು ಕಂಡು ಮಡಿಕೇರಿಗೆ ಬಂದ ಹಾಗಾಯಿತು. ಆದರೆ ಗೇಟುಗೇಟಿನಲ್ಲೂ ಕಾರಿನ ತಪಾಸಣೆ. 2019ರ ಜನವರಿ 15ರಂದು ಇದೇ ರಸ್ತೆಯ 14ನೇ ನಂಬರಿನ ಹೋಟೆಲು-ಕಚೇರಿಗಳ ಆವರಣಕ್ಕೆ ಅಲ್-ಶಬಾಬ್ ಉಗ್ರರು ನುಗ್ಗಿದ್ದರು. 21 ಮಂದಿ ಸತ್ತರು. ಮರುದಿನ ಬೆಳಿಗ್ಗೆಯವರೆಗೆ ನಡೆದ ಕಾರ್ಯಾಚರಣೆಯಲ್ಲಿ 700ಕ್ಕೂ ಹೆಚ್ಚು ಜನರನ್ನು ಕಾಪಾಡಿ ಹೊರತಂದರು.

ಒಂದು ರಾತ್ರಿ ರೂಮಿನಲ್ಲಿ 'ಬ್ಲ್ಯಾಕ್ ಹಾಕ್ ಡೌನ್' ನೋಡಿದೆ. 1993ರ ಅಕ್ಟೋಬರಿನಲ್ಲಿ ಪಕ್ಕದ ಸೊಮಾಲಿಯಾದ ಮೊಗದಿಶುವಿನಲ್ಲಿ ಸಿಕ್ಕಿಬಿದ್ದ ಅಮೆರಿಕನ್ ಸೈನಿಕರ ಕಥೆ. ರಿಡ್ಲಿ ಸ್ಕಾಟ್ 2001ರಲ್ಲಿ ತೆಗೆದದ್ದು. ನಟರಿಗೆ ಸೈನಿಕ ತರಬೇತಿ ಕೊಡಿಸಿದ್ದರು, ಹೆಲಿಕಾಪ್ಟರುಗಳೂ ಅಸಲಿ. ಧೂಳು, ರಕ್ತ, ಗಲಿಬಿಲಿ ಎಲ್ಲ ಕಣ್ಣೆದುರೇ ನಡೆದಂತಿದೆ.

ಮರುದಿನ ನಮ್ಮ ಡ್ರೈವರಿಗೆ ಹೇಳಿದೆ. ಆತ ಸೊಮಾಲಿ ಮನೆತನದ ಕೆನ್ಯಾದವನು. "ನೋಡಿದ್ದೇನೆ ಸಾರ್. ನಮ್ಮವರು ಓಡಿ ಬರುತ್ತಾರೆ, ಸಾಯುತ್ತಾರೆ. ಒಬ್ಬನಿಗೂ ಮನೆ-ಮಠ ಇಲ್ಲ" ಎಂದ. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಯೋಚಿಸಿದರೆ, ಅಂದು ರಾತ್ರಿ ಕವಚದ ವಾಹನ ತಂದು ಅಮೆರಿಕನ್ನರನ್ನು ಬಿಡಿಸಿದ ಮಲೇಷ್ಯಾ, ಪಾಕಿಸ್ತಾನಗಳ ಸೈನಿಕರಿಗೂ ಚಿತ್ರದಲ್ಲಿ ಸಿಕ್ಕಿದ್ದು ಚೂರು ಜಾಗ.

'ವಾಟು ವೋಟೆ' ನೋಡಲು ಅವನೇ ಹೇಳಿದ. 2017ರ ಕಿರುಚಿತ್ರ, ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. 2015ರ ಡಿಸೆಂಬರಿನಲ್ಲಿ ಮಂಡೇರಾ ಕಡೆಯ ಬಸ್ಸನ್ನು ಉಗ್ರರು ತಡೆದಾಗ, ಮುಸ್ಲಿಂ ಪ್ರಯಾಣಿಕರು ಕ್ರೈಸ್ತರನ್ನು ಬಿಟ್ಟುಕೊಡಲಿಲ್ಲ. ಗುಂಡು ತಿಂದ ಸಲಾಹ್ ಫರಾಹ್ ಎಂಬ ಶಿಕ್ಷಕ ಮುಂದಿನ ತಿಂಗಳು ತೀರಿಕೊಂಡರು. ಇಲ್ಲಿ ಕಾಪಾಡಿದವರ ಕೈಯಲ್ಲಿ ಬಂದೂಕಿಲ್ಲ. ಆದರೆ ಭಯ, ಸಿಟ್ಟು, ಅನುಮಾನ ಇರುವ ಪೂರ್ತಿ ಮನುಷ್ಯರು ಇದ್ದಾರೆ.

ರಿವರ್‌ಸೈಡ್ ದಾಳಿಯ ದಿನವೂ ಜಗತ್ತೆಲ್ಲ ಸುತ್ತಿದ್ದು ಮುಖವಾಡ ತೊಟ್ಟ ಒಬ್ಬ ವಿದೇಶಿ ಸೈನಿಕನ ಫೋಟೊ. ಅವನ ಧೈರ್ಯ ಸಣ್ಣದಲ್ಲ. ಆದರೆ ಜೊತೆಗೆ ಒಳಹೊಕ್ಕ ಕೆನ್ಯಾದ ಪೊಲೀಸರ ಮುಖ ನಮಗೆ ಯಾರಿಗೂ ನೆನಪಿಲ್ಲ.

ನಮ್ಮದೇ ಕಥೆ ನೋಡಿ. 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರು ಪಾರಾಗಿ ಬಂದರು. 2016ರ 'ಏರ್‌ಲಿಫ್ಟ್' ಅದನ್ನು ರಂಜಿತ್ ಕತ್ಯಾಲ್ ಎಂಬ ಒಬ್ಬನ ಹೆಗಲಿಗೆ ಹಾಕಿತು. ಅಂಥ ಒಬ್ಬ ಇರಲಿಲ್ಲ. ಮಾತುನ್ನಿ ಮ್ಯಾಥ್ಯೂಸ್ ಮುಂತಾದ ಹಲವರು ಇದ್ದರು. ಆಗ ವಿದೇಶಾಂಗ ಇಲಾಖೆಯಲ್ಲಿ ದುಡಿದವರು ತಮ್ಮ ಶ್ರಮ ಮರೆಯಾಯಿತೆಂದು ಬೇಸರಪಟ್ಟರು. ಅಮ್ಮಾನ್‌ವರೆಗೆ ಬಸ್ಸು ಓಡಿಸಿದವರು, ದಾರಿಯಲ್ಲಿ ರೊಟ್ಟಿ ಹಂಚಿಕೊಂಡವರು ಯಾವ ಲೆಕ್ಕಕ್ಕೂ ಬರಲಿಲ್ಲ.

ನಮ್ಮ ಸಂಘದ ಹಿರಿಯರಲ್ಲಿ ಆ ದಾರಿ ಸವೆಸಿದವರು ಇದ್ದರೆ, ಈ ಶುಕ್ರವಾರ ಅವರ ಪಕ್ಕ ಕುಳಿತು ಕೇಳಿ. ಯಾರು ನೀರು ಕೊಟ್ಟರು, ಯಾರು ಜಾಗ ಬಿಟ್ಟರು ಎಂದು ಹೆಸರು ಸಮೇತ ಬರೆದಿಡಿ. ಸಿನಿಮಾದವರು ಮರೆತರೆ ಮರೆಯಲಿ, ನಾವು ಮರೆಯುವುದು ಬೇಡ.